ಆಫರ್ ಒಪ್ಪಿಗೆಯಾದ ಮೇಲೂ ಲಿಸ್ಟಿಂಗ್ ‘ಆ್ಯಕ್ಟಿವ್’ ಅಂತಲೇ ತೋರಿಸ್ತಿದೆ, ಏನರ್ಥ?

ಫ್ರಿಸ್ಕೋ_ಹೊಸಬ

ಡಲ್ಲಾಸ್ ಹತ್ತಿರ ಫ್ರಿಸ್ಕೋದಲ್ಲಿ 5,20,000 ಡಾಲರ್ ಮನೆ. ಶನಿವಾರ ಆಫರ್ ಒಪ್ಪಿದರು ಅಂತ ಏಜೆಂಟ್ ಮೆಸೇಜ್. ಇವತ್ತು ಸೋಮವಾರ, ಜಿಲ್ಲೋ ವೆಬ್‌ಸೈಟಿನಲ್ಲಿ ಇನ್ನೂ ‘ಆ್ಯಕ್ಟಿವ್’, ಅಂದರೆ ಮಾರಾಟಕ್ಕಿದೆ ಅಂತ. ಮುಂದಿನ ಭಾನುವಾರದ ಓಪನ್ ಹೌಸ್ ಕೂಡ ತೆಗೆದಿಲ್ಲ. ಜಾಸ್ತಿ ಕೊಡೋರು ಬಂದರೆ ಮನೆ ಅವರ ಪಾಲಾಗುತ್ತಾ? ‘ಪೆಂಡಿಂಗ್’ ಮಾಡಿ ಅಂತ ನಾವು ಒತ್ತಾಯ ಮಾಡಬಹುದಾ?

ಪ್ಲೇನೋ_ಕಾಗದಪತ್ರ

ಸರ್, ‘ಒಪ್ಪಿದರು’ ಅನ್ನೋದು ಬರೀ ಮೆಸೇಜಾ, ಸಹಿಯಾ? ಮೊದಲು ಅದನ್ನು ನೋಡಿ. ಮನೆ ವ್ಯವಹಾರಕ್ಕೆ ಲಿಖಿತ ಕರಾರು ಬೇಕು, ಬಾಯಿಮಾತು ಸಾಲದು. ಟೆಕ್ಸಾಸ್‌ನಲ್ಲಿ ಏಜೆಂಟರು ಬಳಸೋದು ಟ್ರೆಕ್ ಫಾರಂ, ಅಂದರೆ ಟೆಕ್ಸಾಸ್ ರಿಯಲ್ ಎಸ್ಟೇಟ್ ಕಮಿಷನ್ ಹೊರಡಿಸಿದ್ದು. ಅದರ ಸಹಿ ಪುಟದಲ್ಲಿ ‘ಎಫೆಕ್ಟಿವ್ ಡೇಟ್’ ಅಂತ ಒಂದು ಖಾಲಿ ಜಾಗ ಇದೆ. ಇಬ್ಬರೂ ಸಹಿ ಹಾಕಿ, ಕೊನೆಯ ಸಹಿ ಬಿದ್ದ ಸುದ್ದಿ ಎದುರು ಕಡೆಗೆ ಮುಟ್ಟಿದ ದಿನವನ್ನು ಬ್ರೋಕರ್ ಅಲ್ಲಿ ತುಂಬುತ್ತಾರೆ. ಆ ದಿನಾಂಕ ತುಂಬಿದ ಪ್ರತಿ ನಿಮ್ಮ ಕೈಯಲ್ಲಿದ್ದರೆ ಮನೆ ಕಾಂಟ್ರ್ಯಾಕ್ಟ್‌ನಲ್ಲಿದೆ, ವೆಬ್‌ಸೈಟ್ ಏನೇ ಹೇಳಲಿ. ಪ್ರತಿ ಇಲ್ಲವೆಂದರೆ, ವೆಬ್‌ಸೈಟಿನಲ್ಲಿ ‘ಪೆಂಡಿಂಗ್’ ಅಂತ ಬಂದಿದ್ದರೂ ನಿಮಗೆ ಹಿಡಿತ ಇಲ್ಲ.

ಇನ್ನು ಸ್ಟೇಟಸ್. ಅದನ್ನು ಬದಲಾಯಿಸೋದು ಮಾರುವವರ ಏಜೆಂಟ್, ಅದೂ ತಮ್ಮ ಪ್ರದೇಶದ ಎಂಎಲ್ಎಸ್‌ನಲ್ಲಿ, ಅಂದರೆ ಏಜೆಂಟರು ಮಾರಾಟದ ಮನೆಗಳನ್ನು ಹಾಕುವ ಹಂಚಿಕೆಯ ಡೇಟಾಬೇಸ್‌ನಲ್ಲಿ. ಜಿಲ್ಲೋ, ರೆಡ್‌ಫಿನ್, ರಿಯಲ್ಟರ್ ಡಾಟ್ ಕಾಮ್‌ಗಳು ಅಲ್ಲಿಂದ ಬಂದ ಮಾಹಿತಿಯನ್ನು ತಮ್ಮ ಲೇಬಲ್‌ಗೆ ಹೊಂದಿಸಿ ತೋರಿಸ್ತವೆ. ಬದಲಾಯಿಸಲು ಎಷ್ಟು ಗಡುವು ಅನ್ನೋದು ಆಯಾ ಎಂಎಲ್ಎಸ್‌ನ ನಿಯಮ. ಸಾಮಾನ್ಯವಾಗಿ 24 ಗಂಟೆಯಿಂದ 3 ದಿನದ ಒಳಗೆ. ಶನಿವಾರದ ಸಹಿ ಸೋಮವಾರ ಕಾಣದಿದ್ದರೆ ಅದರಲ್ಲಿ ಮೋಸ ಹುಡುಕಬೇಡಿ.

ಉತ್ತರ ಟೆಕ್ಸಾಸ್‌ನ ಎಂಎಲ್ಎಸ್ ಎನ್‌ಟ್ರೀಸ್. ಅದರಲ್ಲಿ ಒಪ್ಪಿಗೆಯಾದ ಮನೆಗೆ ನಾಲ್ಕು ಸ್ಟೇಟಸ್ ಇವೆ. ‘ಆ್ಯಕ್ಟಿವ್ ಆಪ್ಷನ್ ಕಾಂಟ್ರ್ಯಾಕ್ಟ್’ ಅಂದರೆ ಕೊಳ್ಳುವವರು ಇನ್ನೂ ಆಪ್ಷನ್ ಅವಧಿಯಲ್ಲಿದ್ದಾರೆ, ಕಾರಣ ಕೊಡದೆ ಹೊರನಡೆಯಬಹುದು. ‘ಆ್ಯಕ್ಟಿವ್ ಕಂಟಿಂಜೆಂಟ್’ ಅಂದರೆ ಬೇರೆ ಯಾವುದೋ ಷರತ್ತು ಬಾಕಿ ಇದೆ. ‘ಆ್ಯಕ್ಟಿವ್ ಕಿಕ್ ಔಟ್’ ಅಂದರೆ ಕೊಳ್ಳುವವರ ಹಳೇ ಮನೆ ಮಾರಾಟವಾಗಬೇಕು, ಅಷ್ಟರಲ್ಲಿ ಇನ್ನೊಂದು ಒಳ್ಳೆಯ ಆಫರ್ ಬಂದರೆ ನೋಟಿಸ್ ಕೊಟ್ಟು ಇವರನ್ನು ಸರಿಸಬಹುದು. ಕೊನೆಯದು ‘ಪೆಂಡಿಂಗ್’, ಅಂದರೆ ಕರಾರಾಗಿ ಕ್ಲೋಸಿಂಗ್‌ಗೆ (ದುಡ್ಡು ಕೊಟ್ಟು ಮನೆ ಹೆಸರಿಗಾಗುವ ದಿನ) ಕಾಯ್ತಿದೆ. ಮೊದಲ ಮೂರರಲ್ಲೂ ‘ಆ್ಯಕ್ಟಿವ್’ ಅನ್ನೋ ಪದ ಇದೆ ನೋಡಿ, ಅರ್ಧ ಗಾಬರಿ ಹುಟ್ಟೋದು ಅಲ್ಲೇ.

ನಿಮ್ಮ ಏಜೆಂಟರಿಗೆ ಹೇಳಿ ಎಂಎಲ್ಎಸ್ ಶೀಟನ್ನು ಹಿಸ್ಟರಿ ಸಮೇತ ತರಿಸಿಕೊಳ್ಳಿ. ಯಾವ ದಿನ ಯಾವ ಸ್ಟೇಟಸ್ ಇತ್ತು ಅಂತ ಅದರಲ್ಲಿ ಸಾಲುಸಾಲಾಗಿ ಇರುತ್ತೆ.

ಫ್ರಿಸ್ಕೋ_ಹೊಸಬ

ಸಹಿಯಾದ ಪ್ರತಿ ಇದೆ. ಎಫೆಕ್ಟಿವ್ ಡೇಟ್ ಶನಿವಾರ. ಆಪ್ಷನ್ 7 ದಿನ, ಆ ಹಕ್ಕಿಗೆ ಕೊಡುವ ಆಪ್ಷನ್ ಫೀ 300 ಡಾಲರ್, ಅರ್ನೆಸ್ಟ್ ಮನಿ ಅಂದರೆ ಮುಂಗಡ 5,200. ದುಡ್ಡು ಬುಧವಾರ ವೈರ್ ಮಾಡೋಣ ಅಂತಿದ್ದೀನಿ.

ಪ್ಲೇನೋ_ಕಾಗದಪತ್ರ

ಬುಧವಾರ ತಡವಾಯಿತು. ನಾಳೆ ಮಂಗಳವಾರದೊಳಗೆ ಮುಟ್ಟಿಸಿ. ಲೆಕ್ಕ ಹೀಗೆ: ಎಫೆಕ್ಟಿವ್ ಡೇಟ್ ಎಣಿಕೆಗಿಲ್ಲ, ಭಾನುವಾರ ಮೊದಲ ದಿನ, ಸೋಮವಾರ ಎರಡು, ಮಂಗಳವಾರ ಮೂರು. ಆಪ್ಷನ್ ಫೀ, ಅರ್ನೆಸ್ಟ್ ಮನಿ ಎರಡೂ 3 ದಿನದೊಳಗೆ ಟೈಟಲ್ ಕಂಪನಿಗೆ (ಮನೆಯ ಹಕ್ಕು ಪರಿಶೀಲಿಸಿ, ದುಡ್ಡು ಹಿಡಿದಿಡುವ ಸಂಸ್ಥೆ) ತಲುಪಿರಬೇಕು. ಕಳಿಸಿದ್ದರೆ ಸಾಲದು. ಮೂರನೇ ದಿನ ಶನಿವಾರ, ಭಾನುವಾರ ಅಥವಾ ಸರ್ಕಾರಿ ರಜೆ ಬಂದರೆ ಮಾತ್ರ ಮುಂದಿನ ಕೆಲಸದ ದಿನಕ್ಕೆ ಹೋಗುತ್ತೆ. ನಿಮಗೆ ಆ ರಿಯಾಯಿತಿ ಇಲ್ಲ.

ಆಪ್ಷನ್ ಫೀ ಸಮಯಕ್ಕೆ ಮುಟ್ಟದಿದ್ದರೆ ಕಾರಣವಿಲ್ಲದೆ ಬಿಡುವ ಹಕ್ಕೇ ಹುಟ್ಟೋದಿಲ್ಲ. ಅರ್ನೆಸ್ಟ್ ಮನಿ ತಡವಾದರೆ, ಅದು ಮುಟ್ಟುವ ಮುಂಚೆ ಮಾರುವವರು ಕರಾರನ್ನೇ ರದ್ದು ಮಾಡಬಹುದು. ಜಾಸ್ತಿ ಕೊಡೋರು ಬಂದರೆ ಅನ್ನೋ ಭಯಕ್ಕೆ ನಿಜವಾದ ದಾರಿ ಅದು. ಸ್ಟೇಟಸ್ ‘ಆ್ಯಕ್ಟಿವ್’ ಇದೆ ಅನ್ನೋದರಿಂದ ಮನೆ ಹೋಗಲ್ಲ, ನೀವು ಗಡುವು ತಪ್ಪಿಸಿದರೆ ಹೋಗುತ್ತೆ. ಎರಡೂ ಮೊತ್ತ ಒಟ್ಟಿಗೆ 5,500 ಕಳಿಸಬಹುದು. ಬಂದ ದುಡ್ಡನ್ನು ಮೊದಲು ಆಪ್ಷನ್ ಫೀಗೆ, ಉಳಿದದ್ದನ್ನು ಅರ್ನೆಸ್ಟ್‌ಗೆ ಜಮಾ ಮಾಡಬೇಕು ಅಂತ ಫಾರಂನಲ್ಲೇ ಇದೆ. ರಸೀದಿ ಕೇಳಿ ಇಟ್ಟುಕೊಳ್ಳಿ.

ಇನ್ನೊಂದು ಬಲೆ. ಆಪ್ಷನ್ ಅವಧಿಗೆ ವಾರಾಂತ್ಯದ ರಿಯಾಯಿತಿ ಇಲ್ಲ. ನಿಮ್ಮ 7ನೇ ದಿನ ಬರುವ ಶನಿವಾರ, ಸಂಜೆ 5 ಗಂಟೆಗೆ ಮುಗಿಯುತ್ತೆ, ಮನೆ ಇರುವ ಊರಿನ ಸಮಯದ ಪ್ರಕಾರ. ಇನ್ಸ್‌ಪೆಕ್ಟರ್ ಗುರುವಾರ ಬಂದು ಶುಕ್ರವಾರ ರಿಪೋರ್ಟ್ ಕೊಟ್ಟರೆ ರಿಪೇರಿ ಚೌಕಾಸಿಗೆ ಸಿಗೋದು ಒಂದೇ ದಿನ. ಬುಧವಾರದೊಳಗೆ ಇನ್ಸ್‌ಪೆಕ್ಷನ್ ಮುಗಿಸಿ. ಇಲ್ಲಿನ ಜೇಡಿಮಣ್ಣು ಹಿಗ್ಗಿ ಕುಗ್ಗುವ ಜಾತಿ, ಫೌಂಡೇಷನ್ ಬಗ್ಗೆ ಸಂಶಯ ಬಂದರೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಮತ್ತೆರಡು ದಿನ ಬೇಕು. ಸಾಲದಿದ್ದರೆ ಶನಿವಾರ 5 ಗಂಟೆಗೆ ಮುಂಚೆ ತಿದ್ದುಪಡಿ ಫಾರಂಗೆ ಇಬ್ಬರ ಸಹಿ ಹಾಕಿಸಿ ಅವಧಿ ವಿಸ್ತರಿಸಿ. ‘ಎಕ್ಸ್‌ಟೆಂಡ್ ಮಾಡ್ತಾರಂತೆ’ ಅನ್ನೋ ವಾಟ್ಸಾಪ್ ನಂಬಿ ಕೂರಬೇಡಿ.

‘ಪೆಂಡಿಂಗ್’ಗೆ ಒತ್ತಾಯದ ಬಗ್ಗೆ: ಕೇಳಬಹುದು, ಹಠ ಮಾಡೋದರಲ್ಲಿ ಲಾಭ ಇಲ್ಲ. ಮಾರುವವರು ಬ್ಯಾಕಪ್ ಆಫರ್ (ನಿಮ್ಮದು ಮುರಿದರೆ ಅಂತ ಕಾದಿರುವ ಎರಡನೆಯದು) ಹುಡುಕಿಕೊಳ್ಳೋದು ಅವರ ಹಕ್ಕು. ಬರೀ ಜಾಸ್ತಿ ದುಡ್ಡಿಗಾಗಿ ನಿಮ್ಮ ಕರಾರು ಮುರಿಯುವ ಹಕ್ಕು ಮಾತ್ರ ಅವರಿಗಿಲ್ಲ.

ಹ್ಯೂಸ್ಟನ್_ಹಲಸು

ಹ್ಯೂಸ್ಟನ್ ಕಡೆಯವರು ಮೇಲಿನ ಹೆಸರು ಹುಡುಕಬೇಡಿ. ನಮ್ಮ ಎಂಎಲ್ಎಸ್ ಎಚ್ಎಆರ್‌ನಲ್ಲಿ ‘ಆಪ್ಷನ್ ಪೆಂಡಿಂಗ್’, ‘ಪೆಂಡಿಂಗ್ ಕಂಟಿನ್ಯೂ ಟು ಶೋ’, ‘ಪೆಂಡಿಂಗ್’ ಅಂತ. ಒಂದೇ ಟ್ರೆಕ್ ಕರಾರು, ಎರಡು ಊರು, ಎರಡು ಹೆಸರು.

ಬಾದಾಮಿ_ಇನ್_ಟೆಕ್ಸಾಸ್

ಪೆಂಡಿಂಗ್ ಬಂತಂದ್ರ ಮುಗೀತು ಬಿಡ್ರಿ. ಆಮೇಲೆ ಯಾರೂ ಏನೂ ಮಾಡಾಕ ಆಗೂದಿಲ್ಲ.

ಲೋನ್_ಲೆಕ್ಕ

ಇಲ್ಲ ಅಣ್ಣ, ಪೆಂಡಿಂಗ್ ಆದ ಮನೆಗಳೂ ಮಾರುಕಟ್ಟೆಗೆ ವಾಪಸ್ ಬರ್ತವೆ. ಮುರಿಯೋದು ಹೆಚ್ಚಾಗಿ ಸಾಲದ ಕಡೆಯಿಂದ.

ಅಪ್ರೈಸಲ್, ಅಂದರೆ ಲೆಂಡರ್ ಮಾಡಿಸುವ ಮನೆ ಬೆಲೆಯ ಅಂದಾಜು, ತಗೊಳ್ಳಿ. ಬೆಲೆ 5,20,000, ಶೇ 20 ಡೌನ್, ಸಾಲ 4,16,000. ಅಪ್ರೈಸರ್ 5,00,000 ಅಂತ ಬರೆದರೆ ಲೆಂಡರ್ ಶೇ 80 ಲೆಕ್ಕ ಹಾಕೋದು 5 ಲಕ್ಷದ ಮೇಲೆ, ಸಾಲ 4,00,000ಕ್ಕೆ ಇಳಿಯುತ್ತೆ. ಕೈಯಿಂದ ಹಾಕಬೇಕಾದದ್ದು 1,04,000 ಇದ್ದದ್ದು 1,20,000 ಆಯಿತು, 16,000 ಹೆಚ್ಚು. ಸಾಲ 4,16,000 ಇರಲಿ ಅಂದರೆ ಅದು ಶೇ 83.2 ಆಗಿ ಪಿಎಂಐ (ಲೆಂಡರ್ ರಕ್ಷಣೆಗೆ ನೀವು ಕಟ್ಟುವ ಇನ್ಶೂರೆನ್ಸ್) ಬೀಳುತ್ತೆ. ಎಲ್ಲರೂ ‘20,000 ಕಮ್ಮಿ ಬಂತು, 20,000 ತರಬೇಕು’ ಅಂತ ಹೆದರ್ತಾರೆ. ಶೇ 20 ಡೌನ್ ಉಳಿಸಿಕೊಳ್ಳೋರಿಗೆ ಆ ಲೆಕ್ಕ ಸರಿಯಲ್ಲ.

ಟೆಕ್ಸಾಸ್‌ನಲ್ಲಿ ಅಪ್ರೈಸಲ್ ಕಮ್ಮಿ ಬಂದರೆ ಹೊರಬರುವ ದಾರಿ ಥರ್ಡ್ ಪಾರ್ಟಿ ಫೈನಾನ್ಸಿಂಗ್ ಅಡೆಂಡಂನಲ್ಲಿದೆ, ಅಂದರೆ ಸಾಲದ ಬಗ್ಗೆ ಕರಾರಿಗೆ ಸೇರಿಸುವ ಪುಟದಲ್ಲಿ. ಆದರೆ ಲೆಂಡರ್ ಅಪ್ರೈಸಲ್ ಬಗ್ಗೆಯೇ ಪ್ರತ್ಯೇಕ ಅಡೆಂಡಂ ಒಂದಿದೆ. ಪೈಪೋಟಿಯಲ್ಲಿ ಗೆಲ್ಲಲಿಕ್ಕೆ ಅದರಲ್ಲಿ ‘ವೇವರ್’ ಡಬ್ಬಿಗೆ ಟಿಕ್ ಹಾಕಿದ್ದರೆ ಆ ದಾರಿ ಮುಚ್ಚಿದ ಹಾಗೆ. ಯಾವ ಡಬ್ಬಿಗೆ ಟಿಕ್ ಹಾಕಿದ್ದೀರಿ ಅಂತ ಈಗಲೇ ತೆಗೆದು ನೋಡಿ.

ಪೆಂಡಿಂಗ್ ಇರುವಾಗ ಹೊಸ ಕಾರ್ ಸಾಲ, ಕೆಲಸ ಬದಲಾವಣೆ, ಹೊಸ ಕ್ರೆಡಿಟ್ ಕಾರ್ಡ್ ಬೇಡ. ಲೆಂಡರ್ ಕ್ಲೋಸಿಂಗ್‌ಗೆ ಸ್ವಲ್ಪ ಮುಂಚೆ ಉದ್ಯೋಗವನ್ನೂ ಕ್ರೆಡಿಟ್ಟನ್ನೂ ಮತ್ತೆ ಪರಿಶೀಲಿಸ್ತಾರೆ. ಎಚ್-1ಬಿಯವರು ಗಮನಿಸಿ: 2025ರ ಮೇ 25ರಿಂದ ಹೊಸ ಎಫ್ಎಚ್ಎ (ಸರ್ಕಾರಿ ವಿಮೆಯ) ಸಾಲ ಕಾಯಂ ನಿವಾಸಿಗಳಲ್ಲದವರಿಗೆ ಇಲ್ಲ. ಹಳೆಯ ಪ್ರೀ-ಅಪ್ರೂವಲ್ ಪತ್ರ ಎಫ್ಎಚ್ಎ ಆಗಿದ್ದರೆ ಕನ್ವೆನ್ಷನಲ್ ಸಾಲಕ್ಕೆ (ಸರ್ಕಾರಿ ವಿಮೆ ಇಲ್ಲದ್ದು) ಹೊಸದಾಗಿ ಬರೆಸಿಕೊಂಡೇ ಆಫರ್ ಹಾಕಿ.

ಕೊನೆ ಹಂತದಲ್ಲಿ ಕ್ಲೋಸಿಂಗ್ ಡಿಸ್‌ಕ್ಲೋಶರ್ ಅನ್ನೋ ಸಾಲದ ಕೊನೇ ಲೆಕ್ಕದ ಪತ್ರ ಸಹಿಗೆ ಕನಿಷ್ಠ 3 ವ್ಯವಹಾರ ದಿನ ಮುಂಚೆ ನಿಮ್ಮ ಕೈಗೆ ಬರಬೇಕು. ಈ ಲೆಕ್ಕದಲ್ಲಿ ಶನಿವಾರ ಸೇರುತ್ತೆ, ಭಾನುವಾರ ಮತ್ತು ಫೆಡರಲ್ ರಜೆ ಸೇರಲ್ಲ. ಆಮೇಲೆ ಎಪಿಆರ್ (ಶುಲ್ಕವೂ ಸೇರಿದ ವಾರ್ಷಿಕ ಬಡ್ಡಿ ದರ) ಮಿತಿ ಮೀರಿ ಬದಲಾದರೆ, ಸಾಲದ ಬಗೆ ಬದಲಾದರೆ, ಅವಧಿಪೂರ್ವ ತೀರುವಳಿಗೆ ದಂಡ ಸೇರಿಸಿದರೆ ಮತ್ತೆ 3 ದಿನ ಕಾಯಬೇಕು. ಕ್ಲೋಸಿಂಗ್ ಮುಂದೆ ಹೋಗಿ ‘ಪೆಂಡಿಂಗ್’ ಎಳೆದುಕೊಂಡೇ ಇದ್ದರೆ ಇದೂ ಒಂದು ಕಾರಣ ಇರಬಹುದು.

ಬಾದಾಮಿ_ಇನ್_ಟೆಕ್ಸಾಸ್

ಆತ್ರೀ, ಒಪ್ಪಿದೆ. ಊರಿಂದ ಅಪ್ಪಾರು ರೊಕ್ಕ ಕಳಿಸ್ತಾರಂದ್ರ ಅದನ್ನೂ ಹೇಳಿಬಿಡ್ರಿ.

ಲೋನ್_ಲೆಕ್ಕ

ಕ್ಲೋಸಿಂಗ್ ವಾರದಲ್ಲಿ ಬಂದರೆ ತಲೆನೋವು. ರಿಸರ್ವ್ ಬ್ಯಾಂಕಿನ ಎಲ್ಆರ್ಎಸ್‌ನಲ್ಲಿ (ವಿದೇಶಕ್ಕೆ ಹಣ ಕಳಿಸುವ ಯೋಜನೆ) ಒಬ್ಬರಿಗೆ ಒಂದು ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಿತಿ. ತಂದೆ-ತಾಯಿ ಇಬ್ಬರ ಮಿತಿ ಬೇರೆ ಬೇರೆ. ಭಾರತದಲ್ಲಿರುವ ನಿಮ್ಮದೇ ಎನ್‌ಆರ್‌ಒ (ಅನಿವಾಸಿಗಳ) ಖಾತೆಯಿಂದ ತರೋದಾದರೆ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಅವಕಾಶ, ತೆರಿಗೆ ಕಟ್ಟಿದ್ದಕ್ಕೆ ಸಿಎ ಪ್ರಮಾಣಪತ್ರ ಕೇಳ್ತಾರೆ. ಇಲ್ಲಿ ಲೆಂಡರ್‌ಗೆ ಗಿಫ್ಟ್ ಲೆಟರ್, ಕಳಿಸಿದವರ ಖಾತೆ ವಿವರ, ನಿಮ್ಮ 2 ತಿಂಗಳ ಸ್ಟೇಟ್‌ಮೆಂಟ್ ಬೇಕು. ಆಫರ್ ಹಾಕುವ ಮುಂಚೆಯೇ ದುಡ್ಡು ಖಾತೆಯಲ್ಲಿ ಕೂತಿದ್ದರೆ ಪ್ರಶ್ನೆ ಕಮ್ಮಿ. ಒಂದು ವರ್ಷದಲ್ಲಿ ವಿದೇಶಿ ಉಡುಗೊರೆ 1,00,000 ಡಾಲರ್ ದಾಟಿದರೆ ಐಆರ್ಎಸ್‌ಗೆ (ಅಮೆರಿಕದ ತೆರಿಗೆ ಇಲಾಖೆ) ಫಾರಂ 3520 ಸಲ್ಲಿಸಬೇಕು. ತೆರಿಗೆ ಇಲ್ಲ, ಬರೀ ಮಾಹಿತಿ. ಸಲ್ಲಿಸದಿದ್ದರೆ ದಂಡ ಮಾತ್ರ ದೊಡ್ಡದು.

ಸಾಂತಾಕ್ಲಾರಾ_ಎಸ್ಕ್ರೋ

ಕ್ಯಾಲಿಫೋರ್ನಿಯಾದವರಿಗೆ ಮೇಲಿನ ಆಪ್ಷನ್ ಫೀ ಕಥೆ ಅನ್ವಯಿಸಲ್ಲ. ಇಲ್ಲಿ ಕಂಟಿಂಜೆನ್ಸಿಗಳ, ಅಂದರೆ ಈಡೇರದಿದ್ದರೆ ಹೊರಬರಬಹುದಾದ ಷರತ್ತುಗಳ ಪದ್ಧತಿ. ರಾಜ್ಯದ ರಿಯಲ್ಟರ್ ಸಂಘದ ಕರಾರು ಫಾರಂನಲ್ಲಿ ನೀವು ಬೇರೆ ಬರೆಯದಿದ್ದರೆ ಇನ್ಸ್‌ಪೆಕ್ಷನ್, ಅಪ್ರೈಸಲ್, ಸಾಲ ಮೂರಕ್ಕೂ 17 ದಿನ. ಡೆಪಾಸಿಟ್ 3 ವ್ಯವಹಾರ ದಿನದಲ್ಲಿ ಎಸ್ಕ್ರೋಗೆ (ದುಡ್ಡು ಹಿಡಿದಿಡುವ ಮೂರನೆಯವರಿಗೆ).

ಟೆಕ್ಸಾಸ್‌ಗೂ ಇಲ್ಲಿಗೂ ಇರುವ ದೊಡ್ಡ ವ್ಯತ್ಯಾಸ ಗಮನಿಸಿ. ಅಲ್ಲಿ ಗಡಿಯಾರ 5 ಹೊಡೆದರೆ ಹಕ್ಕು ತಾನಾಗಿ ಸಾಯುತ್ತೆ. ಇಲ್ಲಿ 17ನೇ ದಿನ ಕಳೆದರೂ ಕಂಟಿಂಜೆನ್ಸಿ ತಾನಾಗಿ ಬಿದ್ದುಹೋಗಲ್ಲ, ನೀವು ಲಿಖಿತವಾಗಿ ತೆಗೆಯಬೇಕು. ಹಾಗಂತ ಸುಮ್ಮನಿರೋ ಹಾಗೂ ಇಲ್ಲ. ಮಾರುವವರು ‘ನೋಟಿಸ್ ಟು ಬಯರ್ ಟು ಪರ್ಫಾರ್ಮ್’ ಕೊಡ್ತಾರೆ, ಫಾರಂ ಪ್ರಕಾರ ಕನಿಷ್ಠ 2 ದಿನ. ಅಷ್ಟರಲ್ಲಿ ತೆಗೆಯದಿದ್ದರೆ ಅವರು ರದ್ದು ಮಾಡಬಹುದು. ಎಲ್ಲ ತೆಗೆದ ಮೇಲೆ ನೀವು ಹಿಂದೆ ಸರಿದರೆ ಡೆಪಾಸಿಟ್ ಅಪಾಯದಲ್ಲಿ. ಲಿಕ್ವಿಡೇಟೆಡ್ ಡ್ಯಾಮೇಜಸ್ (ಮೊದಲೇ ಒಪ್ಪಿದ ನಷ್ಟಪರಿಹಾರ) ಕಲಂಗೆ ಇಬ್ಬರೂ ಇನಿಷಿಯಲ್ ಹಾಕಿದ್ದು, ನೀವೇ ವಾಸ ಮಾಡಲು ಕೊಂಡ ಮನೆಯಾಗಿದ್ದರೆ, ಆ ನಷ್ಟಕ್ಕೆ ಸಾಮಾನ್ಯವಾಗಿ ಬೆಲೆಯ ಶೇ 3 ಮಿತಿ.

ಇಲ್ಲಿ ಪೈಪೋಟಿ ಹೆಚ್ಚಾದಾಗ ಕಂಟಿಂಜೆನ್ಸಿಯೇ ಇಲ್ಲದ ಆಫರ್ ಹಾಕ್ತಾರೆ, ಅಂಥ ಮನೆ ನೇರ ‘ಪೆಂಡಿಂಗ್’ಗೆ ಹೋಗಬಹುದು. ದಕ್ಷಿಣ ಕ್ಯಾಲಿಫೋರ್ನಿಯಾದ ಸಿಆರ್‌ಎಂಎಲ್ಎಸ್‌ನಲ್ಲಿ ‘ಆ್ಯಕ್ಟಿವ್ ಅಂಡರ್ ಕಾಂಟ್ರ್ಯಾಕ್ಟ್’ ಅಂದರೆ ಒಪ್ಪಿಗೆಯಾಗಿದೆ, ಮಾರುವವರಿಗೆ ಬ್ಯಾಕಪ್ ಬೇಕು. ‘ಪೆಂಡಿಂಗ್’ ಅಂದರೆ ಬೇಡ. ಅಲ್ಲಿ ಲೇಬಲ್ ಷರತ್ತನ್ನಲ್ಲ, ಮಾರುವವರ ಇಚ್ಛೆಯನ್ನು ಹೇಳುತ್ತೆ.

ರೆಡ್ಮಂಡ್_ರಾಗಿಮುದ್ದೆ

ಸಿಯಾಟಲ್ ಕಡೆ ‘ಕಂಟಿಂಜೆಂಟ್’ ಅಂತ ಕಂಡರೆ ಬೇರೆ ಊರಿನ ಅರ್ಥ ಹಚ್ಚಬೇಡಿ. ಇಲ್ಲಿನ ಎಂಎಲ್ಎಸ್ ಆದ ಎನ್‌ಡಬ್ಲ್ಯುಎಂಎಲ್ಎಸ್‌ನಲ್ಲಿ ಅದು ಕೊಳ್ಳುವವರ ಹಳೇ ಮನೆ ಮಾರಾಟಕ್ಕೆ ಕಾಯ್ತಿರೋದು, ನಿಮ್ಮ ಗಟ್ಟಿ ಆಫರ್ ಅವರನ್ನು ‘ಬಂಪ್’ ಮಾಡಬಹುದು. ಇನ್ಸ್‌ಪೆಕ್ಷನ್ ಬಾಕಿ ಇದ್ದರೆ ‘ಪೆಂಡಿಂಗ್ ಇನ್ಸ್‌ಪೆಕ್ಷನ್’. ಬ್ಯಾಕಪ್ ಬೇಕಿದ್ದರೆ ‘ಪೆಂಡಿಂಗ್ ಬ್ಯಾಕಪ್ ರಿಕ್ವೆಸ್ಟೆಡ್’. ದೇಶಕ್ಕೆಲ್ಲ ಒಂದೇ ಪಟ್ಟಿ ಇರಲಿ ಅಂತ ರೆಸೊ ಅನ್ನೋ ಸಂಸ್ಥೆಯ ಡೇಟಾ ಡಿಕ್ಷನರಿ ಇದೆ. ಅದರಲ್ಲಿ ಆ್ಯಕ್ಟಿವ್, ಆ್ಯಕ್ಟಿವ್ ಅಂಡರ್ ಕಾಂಟ್ರ್ಯಾಕ್ಟ್, ಪೆಂಡಿಂಗ್, ಹೋಲ್ಡ್, ವಿತ್‌ಡ್ರಾನ್, ಕ್ಯಾನ್ಸಲ್ಡ್, ಎಕ್ಸ್‌ಪೈರ್ಡ್, ಕ್ಲೋಸ್ಡ್ ಮುಂತಾದವು ಇವೆ. ಸ್ಥಳೀಯ ಹೆಸರನ್ನು ಈ ಗೂಡುಗಳಿಗೆ ತುಂಬುವಾಗ ಸೂಕ್ಷ್ಮ ಸೋರಿಹೋಗುತ್ತೆ.

ಎಡಿಸನ್_ಇಡ್ಲಿ

ನ್ಯೂಜೆರ್ಸಿಯವರು ಇಲ್ಲಿ ಓದ್ತಿದ್ದರೆ: ಮೇಲೆ ‘ಇಬ್ಬರ ಸಹಿ ಬಿದ್ದರೆ ಹಿಡಿತ’ ಅಂತ ಬರೆದದ್ದು ನಮಗೆ ಪೂರ್ತಿ ನಿಜವಲ್ಲ. ಬ್ರೋಕರ್ ತಯಾರಿಸಿದ ಕರಾರಿಗೆ 3 ವ್ಯವಹಾರ ದಿನದ ಅಟಾರ್ನಿ ರಿವ್ಯೂ (ವಕೀಲರ ಪರಿಶೀಲನೆ) ಇದೆ, 1983ರ ರಾಜ್ಯ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದದ್ದು. ಯಾರಾದರೊಬ್ಬರ ವಕೀಲರು ಆ 3 ದಿನದಲ್ಲಿ ಕರಾರನ್ನು ಒಪ್ಪದೆ ತಿದ್ದುಪಡಿ ಪತ್ರ ಕಳಿಸಿದರೆ ದಿನದ ಎಣಿಕೆ ಅಲ್ಲಿಗೆ ನಿಂತಂತೆ. ಎರಡೂ ಕಡೆ ಒಪ್ಪುವ ತನಕ ಕರಾರು ಗಟ್ಟಿಯಲ್ಲ, ಅದು 3 ದಿನವೂ ಆಗಬಹುದು, 10 ದಿನವೂ ಆಗಬಹುದು. ಈ ಹೊತ್ತಿನಲ್ಲಿ ಮಾರುವವರು ಇನ್ನೂ ಜಾಸ್ತಿ ಬೆಲೆಗೆ ಜಾರಿಕೊಳ್ಳಬಹುದು, ಜಾರಿಕೊಳ್ಳೋರೂ ಇದ್ದಾರೆ.

ಇಲ್ಲಿ ಮಾತ್ರ ‘ಆ್ಯಕ್ಟಿವ್’ ನೋಡಿ ಆತಂಕಪಡೋದು ನ್ಯಾಯ. ಉಪಾಯ ಒಂದೇ: ಆಫರ್ ಹಾಕುವ ಮುಂಚೆ ವಕೀಲರನ್ನು ಗೊತ್ತು ಮಾಡಿಕೊಳ್ಳಿ, ಕರಾರು ಬಂದ ದಿನವೇ ಪತ್ರ ಹೋಗಲಿ. ತಿದ್ದುಪಡಿ ಪಟ್ಟಿ ಉದ್ದವಾದಷ್ಟೂ ಬಾಗಿಲು ತೆರೆದಿರುತ್ತೆ. ರಿವ್ಯೂ ಮುಗಿದ ಮೇಲೆ ಇನ್ಸ್‌ಪೆಕ್ಷನ್‌ಗೆ ದುಡ್ಡು ಹಾಕಿ.

ಕ್ಯೂ_ನಲ್ಲಿ_ಎರಡನೆಯವ

ಉಲ್ಟಾ ಪ್ರಶ್ನೆ. ನಮಗೆ ಹಿಡಿಸಿದ ಮನೆ ಪ್ಲೇನೋದಲ್ಲಿ ‘ಆ್ಯಕ್ಟಿವ್ ಆಪ್ಷನ್ ಕಾಂಟ್ರ್ಯಾಕ್ಟ್’. ನೋಡೋಕೆ ಹೋಗೋದು ದಂಡವಾ?

ಪ್ಲೇನೋ_ಕಾಗದಪತ್ರ

ದಂಡವಲ್ಲ, ಫೋನ್ ಮಾಡದೇ ಹೋದರೆ ದಂಡ. ನಿಮ್ಮ ಏಜೆಂಟ್ ಕೇಳಿದಾಗ ಒಪ್ಪಿಗೆಯಾದ ಆಫರ್ ಇದೆ, ಷರತ್ತು ಬಾಕಿ ಇದೆ ಅನ್ನೋದನ್ನು ಲಿಸ್ಟಿಂಗ್ ಏಜೆಂಟ್ ಮುಚ್ಚಿಡುವಂತಿಲ್ಲ. ರಿಯಲ್ಟರ್‌ಗಳ ನೀತಿಸಂಹಿತೆಯಲ್ಲಿ ಹಾಗಿದೆ. ಹಾಗೆಯೇ, ಬೇಡ ಅಂತ ಮಾರುವವರು ಬರೆದುಕೊಟ್ಟಿಲ್ಲದಿದ್ದರೆ ಕ್ಲೋಸಿಂಗ್ ತನಕ ಬಂದ ಎಲ್ಲ ಆಫರ್‌ಗಳನ್ನೂ ಅವರಿಗೆ ತಲುಪಿಸಬೇಕು. ಕೇಳಬೇಕಾದದ್ದು: ಆಪ್ಷನ್ ಯಾವ ದಿನ ಮುಗಿಯುತ್ತೆ, ಇನ್ಸ್‌ಪೆಕ್ಷನ್ ಆಯಿತಾ, ಬ್ಯಾಕಪ್ ತಗೊಳ್ತಾರಾ, ಈಗಾಗಲೇ ಬ್ಯಾಕಪ್ ಇದೆಯಾ.

ಬ್ಯಾಕಪ್ ಅಂದರೆ ಬರೀ ‘ನಮ್ಮ ಹೆಸರೂ ಇರಲಿ’ ಅಲ್ಲ. ಪೂರ್ತಿ ಸಹಿ ಹಾಕಿದ ಕರಾರು, ಜೊತೆಗೆ ಟ್ರೆಕ್‌ನ ಬ್ಯಾಕಪ್ ಅಡೆಂಡಂ. ಅರ್ನೆಸ್ಟ್ ಮನಿ, ಆಪ್ಷನ್ ಫೀ ಮೊದಲೇ ಕಟ್ಟಬೇಕು. ಮೊದಲ ಕರಾರು ಮುರಿದ ನೋಟಿಸ್ ನಿಮಗೆ ಬಂದ ದಿನ ನಿಮ್ಮ ಎಫೆಕ್ಟಿವ್ ಡೇಟ್ ಆಗುತ್ತೆ, ಗಡುವುಗಳೆಲ್ಲ ಅಲ್ಲಿಂದ ಶುರು. ನೀವು ಆಪ್ಷನ್ ಕೊಂಡಿದ್ದರೆ, ಕಾಯುತ್ತಿರುವಾಗಲೂ ಬಿಟ್ಟುಹೋಗುವ ಹಕ್ಕು ಇರುತ್ತೆ. ಅಡೆಂಡಂನಲ್ಲಿ ಒಂದು ಕೊನೇ ದಿನಾಂಕ ತುಂಬಿ. ಆ ದಿನದೊಳಗೆ ಮೊದಲನೆಯದು ಮುರಿಯದಿದ್ದರೆ ನಿಮ್ಮದು ರದ್ದಾಗಿ ಅರ್ನೆಸ್ಟ್ ವಾಪಸ್. ದೂರದ ದಿನಾಂಕ ಹಾಕಿ ಮರೆತು ಇನ್ನೊಂದು ಮನೆಗೆ ಸಹಿ ಹಾಕಿದರೆ ಎರಡು ಮನೆಗೆ ಸಿಕ್ಕಿಕೊಳ್ತೀರಿ. ನನ್ನ ಅಭಿಪ್ರಾಯದಲ್ಲಿ ಆಪ್ಷನ್ ಇನ್ನೂ ಓಡ್ತಿರುವಾಗ ಬ್ಯಾಕಪ್‌ಗೆ ಬೆಲೆ ಇದೆ. ಅದು ಮುಗಿದು ಅಪ್ರೈಸಲ್ಲೂ ದಾಟಿದ ಮೇಲೆ ಹಾಕೋದು ಹೆಚ್ಚಾಗಿ ಬರೀ ಕಾಯುವಿಕೆ.

ಆ ಮನೆ ‘ಬ್ಯಾಕ್ ಆನ್ ಮಾರ್ಕೆಟ್’ ಆಗಿ ಬಂದರೆ ಕಾರಣ ಕೇಳಿ, ಹಳೇ ಇನ್ಸ್‌ಪೆಕ್ಷನ್ ರಿಪೋರ್ಟ್ ಕೇಳಿ. ಇಲ್ಲಿ ಏಜೆಂಟರು ಸಾಮಾನ್ಯವಾಗಿ ಬಳಸುವ ಡಿಸ್‌ಕ್ಲೋಶರ್ ಫಾರಂನಲ್ಲಿ ಕಳೆದ 4 ವರ್ಷದ ರಿಪೋರ್ಟ್‌ಗಳ ಪ್ರಶ್ನೆ ಇದೆ. ‘ಕೊಳ್ಳುವವರ ಲೋನ್ ಬಿದ್ದುಹೋಯ್ತು’ ಅನ್ನೋ ಉತ್ತರ ನಿಜವೂ ಇರಬಹುದು, ಹಿಸ್ಟರಿ ನೋಡಿ. ಒಪ್ಪಿಗೆಯಾದ ಆರನೇ ದಿನಕ್ಕೆ ವಾಪಸ್ ಬಂದಿದ್ದರೆ ಇನ್ಸ್‌ಪೆಕ್ಷನ್‌ನಲ್ಲಿ ಏನೋ ಸಿಕ್ಕಿರುವ ಸಂಭವ ಹೆಚ್ಚು. ನಾಲ್ಕನೇ ವಾರದಲ್ಲಾದರೆ ಸಾಲದ ಮಾತು ನಂಬಬಹುದು.

ಹ್ಯೂಸ್ಟನ್_ಹಲಸು

ಬಿಲ್ಡರ್ ಮನೆಗಳಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ ಅಂತ ಸೇರಿಸಿ. ಎಷ್ಟೋ ಬಿಲ್ಡರ್‌ಗಳು ಲೇಔಟಿನ ಎಲ್ಲ ಮನೆ ಎಂಎಲ್ಎಸ್‌ಗೆ ಹಾಕೋದೇ ಇಲ್ಲ, ಕರಾರೂ ಟ್ರೆಕ್‌ದಲ್ಲ, ಅವರದೇ. ಡೆಪಾಸಿಟ್ ಯಾವಾಗ ವಾಪಸ್, ಯಾವಾಗ ಇಲ್ಲ ಅನ್ನೋ ಪುಟ ಓದಿ ಸಹಿ ಹಾಕಿ. ಸೇಲ್ಸ್ ಆಫೀಸಿನ ಗೋಡೆ ಮೇಲಿನ ಕೆಂಪು ಚುಕ್ಕೆಗಿಂತ ಆ ಪುಟ ಮುಖ್ಯ.

ಫ್ರಿಸ್ಕೋ_ಹೊಸಬ

ವೈರ್ ಇವತ್ತೇ ಮಾಡ್ತೀನಿ. ಟೈಟಲ್ ಕಂಪನಿಯ ಖಾತೆ ವಿವರ ಇಮೇಲ್‌ನಲ್ಲಿ ಬಂದಿದೆ.

ಸಾಂತಾಕ್ಲಾರಾ_ಎಸ್ಕ್ರೋ

ನಿಲ್ಲಿ. ಆ ಇಮೇಲ್‌ನಲ್ಲಿರುವ ನಂಬರ್‌ಗೆ ಫೋನ್ ಮಾಡಬೇಡಿ. ಕರಾರಿನಲ್ಲಿ ಟೈಟಲ್ ಕಂಪನಿಯ ಹೆಸರಿದೆ, ಅವರ ನಂಬರನ್ನು ನೀವೇ ಹುಡುಕಿ, ಫೋನ್ ಮಾಡಿ, ಖಾತೆ ಸಂಖ್ಯೆ ಮತ್ತು ರೂಟಿಂಗ್ ನಂಬರ್ ಬಾಯಲ್ಲಿ ಹೇಳಿಸಿ ಹೊಂದಿಸಿ ನೋಡಿ. ಮನೆ ಕಾಂಟ್ರ್ಯಾಕ್ಟ್‌ಗೆ ಹೋಯಿತು ಅನ್ನೋದು ಸ್ಟೇಟಸ್ ಬದಲಾದೊಡನೆ ಲೋಕಕ್ಕೆಲ್ಲ ಗೊತ್ತಾಗುತ್ತೆ. ಏಜೆಂಟರ ಇಮೇಲ್ ಹ್ಯಾಕ್ ಮಾಡಿ ಕೂತವರು ಸರಿಯಾಗಿ ಆ ಹೊತ್ತಿಗೆ ‘ಖಾತೆ ಬದಲಾಗಿದೆ’ ಅಂತ ಬರೀತಾರೆ. ವೈರ್ ಹೋದರೆ ವಾಪಸ್ ತರೋದು ಬಹಳ ಕಷ್ಟ. 5,500 ಡಾಲರ್‌ಗೆ ವೈರ್ ಬೇಕೇ ಬೇಕು ಅಂತಲೂ ಇಲ್ಲ, ಹತ್ತಿರದಲ್ಲಿದ್ದರೆ ಕ್ಯಾಷಿಯರ್ಸ್ ಚೆಕ್ ಕೊಟ್ಟು ರಸೀದಿ ತನ್ನಿ.

ಫ್ರಿಸ್ಕೋ_ಹೊಸಬ

ಚೆಕ್ ಕೊಟ್ಟು ರಸೀದಿ ತಂದಾಯ್ತು. ಎಂಎಲ್ಎಸ್‌ನಲ್ಲಿ ‘ಆ್ಯಕ್ಟಿವ್ ಆಪ್ಷನ್ ಕಾಂಟ್ರ್ಯಾಕ್ಟ್’ ಅಂತ ಬದಲಾಗಿದೆ, ಜಿಲ್ಲೋದಲ್ಲಿ ಇನ್ನೂ ಇಲ್ಲ. ಇನ್ಸ್‌ಪೆಕ್ಷನ್ ಬುಧವಾರ ಬೆಳಿಗ್ಗೆ. ಕೊನೇ ಪ್ರಶ್ನೆ: ಕ್ಲೋಸಿಂಗ್ ಆದ ಮೇಲೂ ಒಳಗಿನ ಫೋಟೋಗಳೆಲ್ಲ ವೆಬ್‌ಸೈಟ್‌ಗಳಲ್ಲಿ ಉಳಿಯುತ್ತವಾ? ಕೊಟ್ಟ ಬೆಲೆಯೂ ಕಾಣುತ್ತಾ?

ಪ್ಲೇನೋ_ಕಾಗದಪತ್ರ

ಟೆಕ್ಸಾಸ್‌ನಲ್ಲಿ ಮಾರಾಟದ ಬೆಲೆ ಸರ್ಕಾರಿ ದಾಖಲೆಗೆ ಕಡ್ಡಾಯವಲ್ಲ, ಹಾಗಾಗಿ ವೆಬ್‌ಸೈಟ್‌ಗಳಲ್ಲಿ ಸಾಮಾನ್ಯವಾಗಿ ಲಿಸ್ಟ್ ಬೆಲೆಯಷ್ಟೇ ಉಳಿಯುತ್ತೆ. ಎಂಎಲ್ಎಸ್ ಒಳಗೆ ಏಜೆಂಟರಿಗೆ ನಿಜ ಬೆಲೆ ಕಾಣುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಹೊರಗಿನವರಿಗೂ ಕಾಣುತ್ತೆ. ಫೋಟೋಗಳು ಉಳೀತವೆ. ಡೀಡ್ (ಕ್ರಯಪತ್ರ) ಕೌಂಟಿಯಲ್ಲಿ ದಾಖಲಾದ ಮೇಲೆ ಜಿಲ್ಲೋ, ರೆಡ್‌ಫಿನ್‌ಗಳಲ್ಲಿ ಮಾಲೀಕರಾಗಿ ಮನೆಯನ್ನು ‘ಕ್ಲೇಮ್’ ಮಾಡಿ, ಫೋಟೋಗಳನ್ನು ನೀವೇ ಮರೆಮಾಡಬಹುದು. ಒಂದೊಂದು ಸೈಟಿಗೂ ಬೇರೆ ಬೇರೆ ಮಾಡಬೇಕು. ಮರೆಮಾಡುವ ಮುಂಚೆ ಎಲ್ಲ ಫೋಟೋ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಇನ್ಶೂರೆನ್ಸ್ ಕ್ಲೇಮ್ ಬಂದಾಗ ಮನೆ ಮೊದಲು ಹೇಗಿತ್ತು ಅಂತ ತೋರಿಸಲಿಕ್ಕೆ ಬೇಕಾಗುತ್ತವೆ.